ಬಿಸಿಲ ಮಧ್ಯಾಹ್ನ, ನೀರು ಕುಡಿಯದ ಮಕ್ಕಳು

ದಾವಣಗೆರೆ ಬಿಸಿಲಲ್ಲಿ 4 ಮತ್ತು 7 ವರ್ಷದ ಮಕ್ಕಳು ನೀರೇ ಕುಡಿಯಲ್ಲ, ಮಧ್ಯಾಹ್ನ ಒಳಗೆ ಕೂರಲ್ಲ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಇತ್ತು. ಸುಮ್ನೆ ನೀರು ಕುಡಿ ಅಂದರೆ ಕುಡಿಯಲ್ಲ ಅಲ್ವಾ? ಕರಬೂಜ ಕಿವುಚಿ ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡಿ. ನನ್ನ ಮಗಳು ಲೋಟ ಕೆಳಗಿಡಲ್ಲ. ನೀರುಮಜ್ಜಿಗೆಯೂ ಆಗುತ್ತೆ.

12ರಿಂದ 4ರವರೆಗೆ ಹೊರಗೆ ಬೇಡವೇ ಬೇಡ. ಕಿಟಕಿಗೆ ಒದ್ದೆ ಸೀರೆ ಕಟ್ಟಿ, ಚೌಕಾಬಾರಕ್ಕೆ ಕೂರಿಸಿ. ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡುವುದರಲ್ಲೇ ಅರ್ಧ ಗಂಟೆ ಹೋಗುತ್ತೆ. ಚಿಕ್ಕದು ಬೀಜ ಬಾಯಿಗೆ ಹಾಕದಂತೆ ಪಕ್ಕದಲ್ಲೇ ಇರಿ.

ಸಂಜೆ ಮಂಡಕ್ಕಿ ಕಟ್ಟಿಕೊಂಡು ಕುಂದವಾಡ ಕೆರೆ ಕಡೆ ಹೋಗಿ. ಉಚ್ಚೆ ಜಾಸ್ತಿ ಹಳದಿಯಾಗಿದ್ದರೆ ಇನ್ನಷ್ಟು ಕುಡಿಸಿ. ಮಗು ಮಂಕಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.