100 ಸೆನ್ಸರ್ ಸಾಕಾಗುತ್ತಾ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎರಡು ಲಿನಕ್ಸ್, ಒಂದು ವಿಂಡೋಸ್ ಸರ್ವರ್ ಇವೆ. 24 ಪೋರ್ಟಿನ 12 ನೆಟ್‌ವರ್ಕ್ ಸ್ವಿಚ್ ಇವೆ. ನೋಡಿಕೊಳ್ಳಲು ನಾನೊಬ್ಬನೇ. ನೆಟ್ ಹೋದದ್ದು ಪ್ರಿನ್ಸಿಪಾಲರ ಫೋನ್ ಬಂದಮೇಲೇ ಗೊತ್ತಾಗುತ್ತದೆ. ನೆಟ್‌ವರ್ಕ್ ಮೇಲೆ ಕಣ್ಣಿಡುವ ಪಿಆರ್‌ಟಿಜಿ ಸಾಫ್ಟ್‌ವೇರ್ 100 ಸೆನ್ಸರ್‌ವರೆಗೆ (ಅದು ಗಮನಿಸುವ ಒಂದೊಂದು ಅಂಶವೂ ಒಂದು ಸೆನ್ಸರ್) ಉಚಿತವಂತೆ. ಅದು ಸಾಕೇ? ಅದೇ ಕೆಲಸ ಮಾಡುವ ಜ್ಯಾಬಿಕ್ಸ್, ನಾಗಿಯೋಸ್ ಹೇಗೆ? ಬಜೆಟ್ ಇಲ್ಲ ಸಾರ್.
– ಲ್ಯಾಬ್ ಸಹಾಯಕ, ತಿಪಟೂರು

ಉತ್ತರ: ಪಿಆರ್‌ಟಿಜಿ ಲೆಕ್ಕದಲ್ಲಿ ಒಂದು ಸ್ವಿಚ್ಚಿಗೆ ಒಂದು ಸೆನ್ಸರ್ ಅಲ್ಲ, ಒಂದೊಂದು ಪೋರ್ಟಿಗೂ ಒಂದೊಂದು. ಎಲ್ಲ ಪೋರ್ಟ್ ನೋಡಲು ಹೊರಟರೆ ಸ್ವಿಚ್ಚುಗಳಿಗೇ 288 ಬೇಕು. ಅಪ್‌ಲಿಂಕ್ (ಸ್ವಿಚ್ಚನ್ನು ಮುಖ್ಯ ನೆಟ್‌ವರ್ಕಿಗೆ ಜೋಡಿಸುವ ಪೋರ್ಟ್) ಮಾತ್ರ ಸಾಕು ಅಂದರೆ 100ರೊಳಗೆ ಆರಾಮಾಗಿ ಮುಗಿಯುತ್ತದೆ. ಹುಡುಗರು ಪಿಸಿ ಆಫ್ ಮಾಡಿದಾಗಲೆಲ್ಲ ‘ಪೋರ್ಟ್ ಡೌನ್’ ಅಂತ ಮೆಸೇಜ್ ಬಂದು ಏನು ಪ್ರಯೋಜನ, ಅಲ್ವಾ? ಆದರೆ ಇದನ್ನು ವಿಂಡೋಸ್ ಮೇಲೇ ಹಾಕಬೇಕು, 100 ದಾಟಿದರೆ ದುಡ್ಡು ಕೊಡಬೇಕು.

ನಾನಾಗಿದ್ದರೆ ಜ್ಯಾಬಿಕ್ಸ್ ಹಾಕುತ್ತಿದ್ದೆ. ಎಷ್ಟು ಸಾಧನ ಸೇರಿಸಿದರೂ ಉಚಿತ. ಲಿನಕ್ಸ್, ವಿಂಡೋಸ್, ಸ್ವಿಚ್ಚುಗಳಿಗೆ ಟೆಂಪ್ಲೇಟ್ (ಏನೇನು ನೋಡಬೇಕೆಂಬ ಸಿದ್ಧ ಪಟ್ಟಿ) ಇವೆ. ನಾಗಿಯೋಸ್ 1999ರಿಂದ ಇರುವ ಗಟ್ಟಿ ಆಸಾಮಿ. ಆದರೆ ಅದರ ಉಚಿತ ಆವೃತ್ತಿಯಲ್ಲಿ ಒಂದೊಂದನ್ನೂ ಫೈಲಿನಲ್ಲಿ ಬರೆದು ಸೇರಿಸುತ್ತಾ ಕೂರಬೇಕು. ಒಬ್ಬರೇ ಇರುವ ಕಡೆ ಅದು ಬೇಡ.

ಮೊದಲು ಸ್ವಿಚ್ಚುಗಳಲ್ಲಿ ಎಸ್‌ಎನ್‌ಎಂಪಿ (ಸಾಧನ ತನ್ನ ಸ್ಥಿತಿಯನ್ನು ಇಂಥ ಸಾಫ್ಟ್‌ವೇರಿಗೆ ತಿಳಿಸುವ ವ್ಯವಸ್ಥೆ) ಇದೆಯಾ ನೋಡಿ. ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್ಚಿಗೆ ಐಪಿ ವಿಳಾಸವೇ ಇರುವುದಿಲ್ಲ, ಯಾವ ಸಾಫ್ಟ್‌ವೇರಿಗೂ ಅದು ನೇರವಾಗಿ ಕಾಣದು. ಎಸ್‌ಎನ್‌ಎಂಪಿ ಇದ್ದರೆ, ‘ಪಬ್ಲಿಕ್’ ಎಂಬ ಹಳೇ ಕಮ್ಯುನಿಟಿ ಹೆಸರನ್ನು (ಇದು ಅದರ ಪಾಸ್‌ವರ್ಡ್ ಇದ್ದಂತೆ) ಅವತ್ತೇ ಬದಲಿಸಿ. ಜ್ಯಾಬಿಕ್ಸನ್ನು ಈ ಮೂರು ಸರ್ವರುಗಳಲ್ಲಿ ಹಾಕಬೇಡಿ. ಲ್ಯಾಬಿನ ಹಳೇ ಪಿಸಿಯೊಂದಕ್ಕೆ ಲಿನಕ್ಸ್ ಹಾಕಿ, ಯುಪಿಎಸ್‌ಗೆ ಸಿಕ್ಕಿಸಿದರೆ ಸಾಕು.

ಜಾಸ್ತಿ ತಲೆನೋವು ಅಲರ್ಟುಗಳದ್ದು. ಮುಖ್ಯ ಸ್ವಿಚ್ ಬಿದ್ದರೆ ಅದರ ಹಿಂದಿನ 11 ಸ್ವಿಚ್ಚುಗಳೂ ಸತ್ತಂತೆ ಕಾಣುತ್ತವೆ, ಒಟ್ಟಿಗೆ 12 ಮೆಸೇಜ್. ಟ್ರಿಗರ್‌ಗಳಲ್ಲಿ (ಅಲರ್ಟ್ ಯಾವಾಗ ಏಳಬೇಕೆಂಬ ನಿಯಮ) ಡಿಪೆಂಡೆನ್ಸಿ, ಅಂದರೆ ಇವು ಮುಖ್ಯ ಸ್ವಿಚ್ಚನ್ನೇ ನಂಬಿವೆ ಅಂತ, ಕೊಟ್ಟುಬಿಡಿ, ಒಂದೇ ಬರುತ್ತದೆ. ಡಿಸ್ಕ್ ಕೂಡ ಹಾಗೇ. ಟೆಂಪ್ಲೇಟಿನಲ್ಲಿ ಶೇ 80 ತುಂಬಿದರೆ ಎಚ್ಚರಿಕೆ ಅಂತಿರುತ್ತದೆ. 4 ಟಿಬಿ ಡಿಸ್ಕಿನಲ್ಲಿ ಆಗಲೂ 800 ಜಿಬಿ ಖಾಲಿ! ಆ ಡಿಸ್ಕಿಗೆ ಶೇ 95 ಮಾಡಿ. ಇಲ್ಲವಾದರೆ ಒಂದೇ ವಾರದಲ್ಲಿ ನೀವು ಮೆಸೇಜ್ ಓದುವುದನ್ನೇ ಬಿಡುತ್ತೀರಿ.

ಇನ್ನೊಂದು ವಿಷಯ. ಕಾಲೇಜಿನ ಇಂಟರ್‌ನೆಟ್ಟೇ ಹೋದರೆ ಜ್ಯಾಬಿಕ್ಸ್ ಕಳಿಸುವ ಟೆಲಿಗ್ರಾಂ ಮೆಸೇಜೂ ಅಲ್ಲೇ ನಿಂತಿರುತ್ತದೆ. ಕಾಲೇಜಿಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಇದ್ದರೆ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಅಪ್‌ಟೈಮ್ ಕುಮಾ ಎಂಬ ಪುಟ್ಟ ನಿಗಾ ಸಾಫ್ಟ್‌ವೇರ್ ಹಾಕಿ, ನಿಮಿಷಕ್ಕೊಮ್ಮೆ ಆ ಐಪಿಗೆ ಪಿಂಗ್ (‘ಇದ್ದೀಯಾ?’ ಎಂಬ ಸಣ್ಣ ಕರೆ) ಕೊಡಿಸಿ. ಇದೂ ಉಚಿತವೇ. ರೂಟರ್ ಪಿಂಗ್‌ಗೆ ಉತ್ತರ ಕೊಡುವಂತೆ ಸೆಟ್ ಮಾಡಿರಬೇಕು, ಅಷ್ಟೇ.