ಅಮೆರಿಕದ ಸಿಟಿಜನ್ ಆಗಿದ್ದೇನೆ. ಊರಲ್ಲಿರುವ ಅಪ್ಪ, ಅಮ್ಮ, ತಮ್ಮ ಮೂವರನ್ನೂ ಒಟ್ಟಿಗೆ ಕರೆಸಿಕೊಳ್ಳಬಹುದಾ?

ಒಟ್ಟಿಗೆ ಆಗುವುದಿಲ್ಲ. ನಿಮಗೆ 21 ತುಂಬಿದ್ದರೆ ಅಪ್ಪ-ಅಮ್ಮನಿಗೆ ವೀಸಾ ಕ್ಯೂ ಇಲ್ಲ. ತಮ್ಮನಿಗಿರುವ ಕ್ಯೂ ಕೇಳಿದರೆ ತಲೆ ತಿರುಗುತ್ತದೆ. ನಾನು ಅಪ್ಪ-ಅಮ್ಮನನ್ನು ಕರೆಸಿಕೊಂಡಿದ್ದೇನೆ, ತಮ್ಮನ ಅರ್ಜಿ ಇನ್ನೂ ಸಾಲಿನಲ್ಲೇ ಇದೆ.

ತಮ್ಮನ ವಿಷಯ ಮೊದಲು ಮುಗಿಸಿಬಿಡೋಣ. ಒಡಹುಟ್ಟಿದವರದ್ದು ಎಫ್-4 ವರ್ಗ. ಇಡೀ ಪ್ರಪಂಚಕ್ಕೆ ವರ್ಷಕ್ಕೆ 65,000 ವೀಸಾ. ಜೊತೆಗೆ ಬರುವ ಹೆಂಡತಿ-ಮಕ್ಕಳೂ ಅದರಲ್ಲೇ ಲೆಕ್ಕ. ಅದರ ಮೇಲೆ ದೇಶವಾರು ಮಿತಿ ಬೇರೆ. 2024ರಲ್ಲಿ ಭಾರತದವರ ಪೈಕಿ ಸರದಿ ಬರುತ್ತಿದ್ದದ್ದು 2005-06ರಲ್ಲಿ ಅರ್ಜಿ ಹಾಕಿದವರಿಗೆ! ಆದರೂ ಅವನಿಗೆ ಬರುವ ಮನಸ್ಸಿದ್ದರೆ ಇವತ್ತೇ ಹಾಕಿ, ಅರ್ಜಿ ಸೇರಿದ ತಾರೀಖಿನ ಮೇಲೇ ಸರದಿ. ಒಂದೇ ತೊಂದರೆ, ಮುಂದೆ ಅವನು ಟೂರಿಸ್ಟ್ ವೀಸಾ ಕೇಳಿದಾಗ ‘ನಿಮ್ಮ ಹೆಸರಲ್ಲಿ ಇಮಿಗ್ರೇಶನ್ ಅರ್ಜಿ ಇದೆಯಾ’ ಅಂತ ಫಾರಂನಲ್ಲೇ ಕೇಳುತ್ತಾರೆ. ಮುಚ್ಚಿಡುವ ಹಾಗಿಲ್ಲ.

ಈಗ ಅಪ್ಪ-ಅಮ್ಮ. ಇಬ್ಬರಿಗೂ ಬೇರೆ ಬೇರೆ ಐ-130, ಅಂದರೆ ಸಂಬಂಧಿಕರನ್ನು ಕರೆಸಿಕೊಳ್ಳುವ ಅರ್ಜಿ, ಹಾಕಬೇಕು. ಫಾರಂ ತುಂಬುವುದು ಒಂದು ಸಂಜೆಯ ಕೆಲಸ. ಒದ್ದಾಟ ಇರುವುದು ಊರಿನ ಕಾಗದಪತ್ರಗಳಲ್ಲಿ. ನಿಮ್ಮ ಬರ್ತ್ ಸರ್ಟಿಫಿಕೇಟಿನಲ್ಲಿ ಇಬ್ಬರ ಹೆಸರೂ ಇರಬೇಕು. ಅಪ್ಪನ ಅರ್ಜಿಗೆ ಅವರ ಮದುವೆಯ ದಾಖಲೆಯೂ ಬೇಕು. ಆ ಕಾಲದಲ್ಲಿ ಮದುವೆ ರಿಜಿಸ್ಟರ್ ಮಾಡಿಸಿದವರು ಎಷ್ಟು ಜನ ಹೇಳಿ? ನಮ್ಮವರು ಮೊಮ್ಮಕ್ಕಳಾದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿ ಬಂದರು. ಅಮ್ಮನಿಗೆ ನಗು ತಡೆಯಲಾಗಲಿಲ್ಲವಂತೆ.

ಆಮೇಲೆ ಅವರವರ ಜನನ ಪ್ರಮಾಣಪತ್ರ. 1969ರ ನೋಂದಣಿ ಕಾಯ್ದೆಗಿಂತ ಮುಂಚೆ ಹುಟ್ಟಿದ ಎಷ್ಟೋ ಜನರಿಗೆ ಅದು ಇರುವುದೇ ಇಲ್ಲ. ಆಗ ‘ದಾಖಲೆ ಲಭ್ಯವಿಲ್ಲ’ ಅಂತ ನೋಂದಣಿ ಕಚೇರಿಯಿಂದ ಬರೆಸಿಕೊಳ್ಳಿ. ಜೊತೆಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಹುಟ್ಟಿದ್ದು ಗೊತ್ತಿರುವ ಹಿರಿಯ ಸಂಬಂಧಿಕರ ಅಫಿಡವಿಟ್ ಇಡಿ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಅಮ್ಮನಿಗೆ ತವರಿನ ಹೆಸರು ಬೇರೆ, ಇಂಥದ್ದೆಲ್ಲ ಇದ್ದರೆ ಈಗಲೇ ಸರಿಪಡಿಸಿ. ಇಂಟರ್‌ವ್ಯೂ ಮುಂಬೈ ಕಾನ್ಸುಲೇಟಿನಲ್ಲಿ. ಅದರ ಹಿಂದಿನ ದಿನ ಈ ಗಡಿಬಿಡಿ ಬೇಡ.

ಅವರ ಖರ್ಚಿನ ಹೊಣೆ ನನ್ನದು ಅಂತ ಬರೆದುಕೊಡುವ ಐ-864 ಅನ್ನುವ ಫಾರಂಗೆ ಸಹಿ ಹಾಕುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ. ನಿಮ್ಮ ಸಂಸಾರದ ಜೊತೆ ಅವರಿಬ್ಬರನ್ನೂ ಸೇರಿಸಿ ಎಣಿಸಿ, ಅಷ್ಟು ಜನರಿಗೆ ಸರ್ಕಾರ ಹೇಳುವ ಬಡತನ ರೇಖೆಯ 125 ಶೇಕಡಾದಷ್ಟಾದರೂ ಆದಾಯ ತೋರಿಸಬೇಕು. ಸಾಲದಿದ್ದರೆ ಇನ್ನೊಬ್ಬರು ಜಂಟಿಯಾಗಿ ನಿಲ್ಲಬಹುದು. ಆದರೆ ಅದು ಬರೀ ಕಾಗದವಲ್ಲ, ಕೋರ್ಟಿನಲ್ಲಿ ನಿಲ್ಲುವ ಹೊಣೆ. ಕೆಲಸಕ್ಕೆ ಹೋಗದ ವಯಸ್ಸಾದವರ ವಿಷಯದಲ್ಲಿ, ಅವರು ಸಿಟಿಜನ್ ಆಗುವ ತನಕ ಅಥವಾ ಪೂರ್ತಿಯಾಗಿ ವಾಪಸ್ ಹೋಗುವ ತನಕ ಅದು ನಿಮ್ಮ ತಲೆಯ ಮೇಲೇ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಾನೇ ಒಂದು ಕೇಳುತ್ತೇನೆ. ಅವರಿಗೆ ಇಲ್ಲಿ ಇರುವ ಆಸೆ ಇದೆಯಾ, ಅಥವಾ ಅದು ನಿಮ್ಮ ಆಸೆಯಾ? ಇದರಿಂದ ಅವರಿಗೆ ಸಿಗುವ ಗ್ರೀನ್ ಕಾರ್ಡ್ ಇರುವುದು ಇಲ್ಲಿ ಕಾಯಂ ವಾಸ ಮಾಡುವವರಿಗೆ. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಏರ್‌ಪೋರ್ಟಿನಲ್ಲಿ ಪ್ರಶ್ನೆ ಶುರು. ಮೊದಲೇ ರೀ-ಎಂಟ್ರಿ ಪರ್ಮಿಟ್ (ಮರಳಿ ಬರಲು ಅನುಮತಿ ಪತ್ರ) ಮಾಡಿಸದೆ ವರ್ಷ ದಾಟಿದರೆ ಕಾರ್ಡೇ ಕೈತಪ್ಪಬಹುದು. ವಯಸ್ಸು 65 ದಾಟಿದ್ದರೂ, ವಯಸ್ಸಾದವರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಅವರು ಬಂದಿಳಿದ ಕೂಡಲೇ ಸಿಗುವುದಿಲ್ಲ, ಇಲ್ಲಿ ಐದು ವರ್ಷ ಸತತ ವಾಸವಿರಬೇಕು. ಅಲ್ಲಿವರೆಗೆ ವಿಮೆಯ ಖರ್ಚು ನಿಮ್ಮದೇ. ಊರಲ್ಲಿ ಮನೆ, ತೋಟ, ನೆಂಟರು ಅಂತ ಅವರ ಜೀವ ಅಲ್ಲೇ ಇದ್ದು, ವರ್ಷಕ್ಕೆ ನಾಲ್ಕೈದು ತಿಂಗಳು ಬಂದು ಹೋಗುವುದಾದರೆ ಬಿ-2 ಅನ್ನುವ ಟೂರಿಸ್ಟ್ ವೀಸಾ ಸಾಕು. ಹಾಗಿದ್ದರೆ ಅವರ ಐ-130 ಹಾಕಲೇಬೇಡಿ.