ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಇದೆ. ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಬಂದು ಊರಲ್ಲೇ ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಇಲ್ಲಿ ಬಂದು ಇರಲು ಕೊಡುವ ಕಾರ್ಡ್) ಮಾಡಿಸಬಹುದಾ?

ಕರೆದುಕೊಂಡು ಬರಬಹುದು. ಆದರೆ ಬರಬೇಡಿ.

2023ರ ಫೆಬ್ರುವರಿಯಲ್ಲಿ ಡಲ್ಲಾಸ್‌ನ ಅಡುಗೆಮನೆಯಲ್ಲಿ ಕೂತು ನಾನೂ ಹೆಂಡತಿಯ ಹತ್ತಿರ ಇದೇ ಮಾತಾಡಿದ್ದೆ. ನಮ್ಮಿಬ್ಬರದೂ ಭಾರತದ ಪಾಸ್‌ಪೋರ್ಟ್, ಮಗನದು ಅಮೆರಿಕದ್ದು. ಸದ್ಯಕ್ಕೆ ಇ-ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡೋಣ, ಒಸಿಐ ಊರಲ್ಲಿ ನೋಡಿಕೊಳ್ಳೋಣ, ಆಗಲಿಲ್ಲ ಅಂದರೆ ಅಮೆರಿಕದ ಪೌರತ್ವವನ್ನೇ ಬಿಡಿಸೋಣ. ನೀವು ಬರೆದಿರುವುದೂ ಅದೇ ಅಲ್ವಾ? ನಿಮ್ಮದು ಚಿತ್ರದುರ್ಗ, ನಮ್ಮದು ದಾವಣಗೆರೆ. ಅಷ್ಟೇ ವ್ಯತ್ಯಾಸ.

ಜನವರಿಯಲ್ಲಿ ನನ್ನ ಕೆಲಸ ಹೋಗಿತ್ತು. ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದಮೇಲೆ ಅಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ. ಅದರಲ್ಲಿ ನಲವತ್ತು ದಿನ ಇಂಟರ್ವ್ಯೂ ಕೊಟ್ಟು ಕಳೆದೆ. ಉಳಿದ ದಿನಗಳಲ್ಲಿ ಕಾರು ಮಾರಿದೆ, ಮನೆ ಖಾಲಿ ಮಾಡಿದೆ, ಸೋಫಾ ಯಾರಿಗೂ ಬೇಡವಾಗಿ ಕೊನೆಗೆ ಪುಕ್ಕಟೆ ಕೊಟ್ಟೆ. ಮಗನಿಗೆ ಆಗ ಒಂದೂವರೆ ವರ್ಷ. ಅವನ ವೀಸಾ ನನ್ನ ಪಟ್ಟಿಯಲ್ಲಿ ಸೋಫಾಕ್ಕಿಂತ ಕೆಳಗಿತ್ತು.

ಒಂದು ರಾತ್ರಿ ಹನ್ನೊಂದು ಗಂಟೆಗೆ ಇ-ವೀಸಾ ಅರ್ಜಿ ತುಂಬಿದೆ. ಯಾವ ವೀಸಾ ಅಂತ ಕೇಳಿದ ಕಡೆ ಟೂರಿಸ್ಟ್ ಅಂತ ಒತ್ತಿದೆ. ಮೂರನೇ ದಿನ ಈಮೇಲ್ ಬಂತು. "ನೋಡು, ಇಷ್ಟೇ ಕೆಲಸ" ಅಂತ ಹೆಂಡತಿಗೆ ಮೊಬೈಲ್ ತೋರಿಸಿ ಬೀಗಿದ್ದೂ ಆಯಿತು.

ತಪ್ಪು ಆಗಿದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎರಡು ವರ್ಷದಿಂದ ನನಗೆ ನಾನೇ ಬಿಡಿಸಿ ಹೇಳಿಕೊಳ್ಳುತ್ತಿದ್ದೇನೆ. ವೀಸಾ ಅಂದರೆ ಒಳಗೆ ಬರುವ ಟಿಕೆಟ್, ಒಳಗೆ ಬಂದಮೇಲೆ ಎಲ್ಲವೂ ಒಂದೇ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಯಾವ ವೀಸಾದಲ್ಲಿ ಬಂದಿರಿ ಅನ್ನುವುದರ ಮೇಲೆ ಮುಂದೆ ಏನೆಲ್ಲ ಕೇಳಬಹುದು ಅನ್ನೋದು ನಿಂತಿದೆ. ಇ-ಟೂರಿಸ್ಟ್ ವೀಸಾದಲ್ಲಿ ಅಮೆರಿಕದ ಪಾಸ್‌ಪೋರ್ಟಿನವರು 180 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಇ-ವೀಸಾವನ್ನು ಇಲ್ಲಿ ಕೂತು ಮುಂದುವರಿಸಲೂ ಆಗಲ್ಲ, ಬೇರೆ ವೀಸಾಕ್ಕೆ ಬದಲಾಯಿಸಲೂ ಆಗಲ್ಲ. ಇಷ್ಟಾದರೂ ಸಹಿಸಬಹುದಿತ್ತು. ಟೂರಿಸ್ಟ್ ವೀಸಾದಲ್ಲಿ ಇರುವವರು ಭಾರತದ ಒಳಗಿಂದ ಒಸಿಐಗೆ ಅರ್ಜಿ ಹಾಕುವಂತೆಯೇ ಇಲ್ಲ! ಊರಿಗೆ ಬಂದು ಒಸಿಐ ಮಾಡಿಸೋಣ ಅಂತ ತಾನೇ ಆ ವೀಸಾ ತಗೊಂಡಿದ್ದು? ಆ ವೀಸಾ ತಗೊಂಡಿದ್ದಕ್ಕೇ ಊರಲ್ಲಿ ಒಸಿಐ ಆಗದ ಹಾಗಾಯಿತು. ಬೀಗ ಹಾಕಿ, ಕೀಲಿಯನ್ನು ಒಳಗೇ ಬಿಟ್ಟು ಬಂದ ಹಾಗೆ.

ಇದೆಲ್ಲ ನನಗೆ ಗೊತ್ತಾಗಿದ್ದು ಆಗಸ್ಟ್‌ನಲ್ಲಿ. ಮಾರ್ಚ್ 12ಕ್ಕೆ ಬಂದಿಳಿದಿದ್ದೆವು. ಬೇಸಿಗೆಯೆಲ್ಲ ಮಗನನ್ನು ನೆಂಟರ ಮನೆಗಳಿಗೆ ತಿರುಗಿಸುವುದರಲ್ಲೇ ಹೋಯಿತು. ಊರಿನ ಒಬ್ಬ ಏಜೆಂಟ್ ಫೈಲ್ ಇಸಕೊಂಡು, "ಆಗ್ತತಿ ಸರ್, ಒಂದು ತಿಂಗಳು" ಅಂದಿದ್ದ. ಆ ಒಂದು ತಿಂಗಳು ಮೂರಾಯಿತು. ಕೊನೆಗೆ ನಾನೇ ನಿಯಮ ಓದಲು ಕೂತೆ. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿತ್ತು. ಬೆರಳಿಟ್ಟು ಎಣಿಸಿದೆ. ಸೆಪ್ಟೆಂಬರ್ 7ಕ್ಕೆ 180 ಮುಗಿಯುತ್ತಿತ್ತು. ಆ ಚೌಕದಲ್ಲಿ ಅಮ್ಮ ಆಗಲೇ ಗ್ಯಾಸ್ ಅಂತ ಬರೆದಿಟ್ಟಿದ್ದರು.

ಅಪ್ಪಾಜಿ ಮಾತ್ರ ಅಲ್ಲಾಡಲಿಲ್ಲ. "ನಮ್ಮ ಹುಡುಗನ್ನ ಯಾರು ಓಡಿಸ್ತಾರೆ ಬಿಡೋ, ಎಸ್ಪಿ ಆಫೀಸಿನಾಗೆ ನಮ್ಮವರೇ ಅದಾರೆ" ಅಂದರು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಅವಧಿ ಮೀರಿ ಉಳಿದರೆ ಹೋಗುವಾಗ ಎಕ್ಸಿಟ್ ಪರ್ಮಿಟ್, ದಂಡ, ಆಮೇಲೆ ಪ್ರತಿ ಅರ್ಜಿಯಲ್ಲೂ ಅದರ ವಿವರಣೆ. ಅದೂ ಅಲ್ಲದೆ 2025ರ ಸೆಪ್ಟೆಂಬರ್‌ನಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ವೀಸಾ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ಹಾಲು ಕುಡಿಯುವ ಮಗುವನ್ನು ಯಾರೂ ಜೈಲಿಗೆ ಹಾಕಲ್ಲ, ನಿಜ. ಆದರೆ ಕಾಗದದ ಮೇಲೆ ಅವನು ಒಬ್ಬ ವಿದೇಶಿ, ಅವನನ್ನು ಇಟ್ಟುಕೊಂಡವರು ನಾವು.

ಹೊರಗೆ ಹೋಗಿ ಬರುವುದೊಂದೇ ದಾರಿ. ಹೋಗುವುದು ಎಲ್ಲಿಗೆ? ಅಮೆರಿಕಕ್ಕೆ ಅವನು ಯಾವಾಗ ಬೇಕಾದರೂ ಹೋಗಬಹುದು, ಅವನ ದೇಶ. ನಮ್ಮಿಬ್ಬರ ವೀಸಾ ಮುಗಿದಿತ್ತು. ನಡೆಯಲು ಕಲಿತು ಇನ್ನೂ ವರ್ಷ ಆಗದವನನ್ನು ಒಬ್ಬನೇ ಕಳಿಸುವುದಾ? ಅದಕ್ಕೇ ಕೊಲಂಬೊ ಆರಿಸಿದೆವು. ಬೆಂಗಳೂರಿಂದ ಹತ್ತಿರ, ಖರ್ಚೂ ಕಡಿಮೆ. ಸೆಪ್ಟೆಂಬರ್ 3ಕ್ಕೆ ಹೋಗಿ ಅಲ್ಲಿಂದ ಅವನಿಗೆ ಎಂಟ್ರಿ ವೀಸಾಕ್ಕೆ, ಅಂದರೆ ಎಕ್ಸ್ ವೀಸಾಕ್ಕೆ ಅರ್ಜಿ ಹಾಕಿದೆವು. ಭಾರತೀಯರ ವಿದೇಶಿ ಮಕ್ಕಳಿಗೆ ಸರಿಯಾದ ವೀಸಾ ಅದು, ಮೊದಲೇ ತಗೊಳ್ಳಬೇಕಾಗಿದ್ದೂ ಅದೇ. ಕೈಗೆ ಸಿಗಲು ಹದಿನೇಳು ದಿನ ಬೇಕಾಯಿತು. ಗಣೇಶನ ಹಬ್ಬ ಹೋಟೆಲ್ ರೂಮಿನಲ್ಲೇ ಆಯಿತು. ಹೆಂಡತಿ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದ ಮಂಡಕ್ಕಿಯನ್ನು ಮಗ ಒಂದೊಂದೇ ಹೆಕ್ಕಿ ತಿನ್ನುತ್ತಿದ್ದ, ಅರ್ಧ ಹಾಸಿಗೆ ಮೇಲೆ. ಹೊಸ ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ, ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದೆ.

ವಾಪಸ್ ಬಂದಮೇಲೆ ಒಸಿಐ ಅರ್ಜಿ. ಅದಕ್ಕೆ ದಾವಣಗೆರೆಯಲ್ಲಿ ಏನೂ ಇಲ್ಲ, ವಿದೇಶಿಯರ ನೋಂದಣಿ ನೋಡಿಕೊಳ್ಳುವ ಬೆಂಗಳೂರಿನ ಎಫ್‌ಆರ್‌ಆರ್‌ಒ ಕಚೇರಿಯೇ ಗತಿ. ಶಾಂತಿನಗರ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದ ಐದನೇ ಮಹಡಿ. ಶುಲ್ಕ 15,000 ರೂಪಾಯಿ. ಅಲ್ಲಿ ಯಾರೂ ಸತಾಯಿಸಲಿಲ್ಲ, ಅದನ್ನೂ ಹೇಳಬೇಕು. ವೀಸಾ ಸರಿ ಇದ್ದರೆ ಕೆಲಸ ತನ್ನ ಪಾಡಿಗೆ ಆಗುತ್ತದೆ.

ಈಗ ನಿಮ್ಮ ಎರಡನೇ ಯೋಚನೆ, ಅಮೆರಿಕದ ಪೌರತ್ವ ಬಿಡಿಸುವುದು. ಇದು ಪ್ರಶ್ನೆಯೇ ಅಲ್ಲ. ಮಗುವಿನ ಪರವಾಗಿ ಅಪ್ಪ ಅಮ್ಮ ಅದನ್ನು ಬಿಡಿಸಲು ಅಮೆರಿಕದ ಕಾನೂನಿನಲ್ಲಿ ಅವಕಾಶವೇ ಇಲ್ಲ. ಅದು ಮಗುವಿನ ಸ್ವತ್ತು, ದೊಡ್ಡವನಾದಮೇಲೆ ಅವನೇ ತೀರ್ಮಾನಿಸಬೇಕು. ಎರಡೂ ಇರಲಿ ಅಂತ ಗುಟ್ಟಾಗಿ ಭಾರತದ ಪಾಸ್‌ಪೋರ್ಟನ್ನೂ ಮಾಡಿಸುವವರಿದ್ದಾರೆ. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ, ದಯವಿಟ್ಟು ಆ ಕಡೆ ತಲೆಯೂ ಹಾಕಬೇಡಿ.

ನನ್ನ ಚಿಕ್ಕಪ್ಪನ ಮಗಳು ದುಬೈನಲ್ಲಿದ್ದಾಳೆ. ಅವಳು ಮಗುವಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸಿದಳಲ್ಲ ಅಂತ ನಮ್ಮಮ್ಮನೂ ಕೇಳುತ್ತಿದ್ದರು. ಅಲ್ಲಿಯ ಕಥೆ ಬೇರೆ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡಲ್ಲ. ಹುಟ್ಟಿದ 120 ದಿನದೊಳಗೆ ಮಗುವಿಗೆ ಅಲ್ಲಿನ ವೀಸಾ ಆಗಬೇಕು, ಅದಕ್ಕೆ ಮೊದಲು ಭಾರತದ ಪಾಸ್‌ಪೋರ್ಟ್ ಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಮಕ್ಕಳ ಜನನವನ್ನು ಒಂದು ವರ್ಷದೊಳಗೆ ನಮ್ಮ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡಬೇಕು. ನಿಮ್ಮ ಮಗಳಿಗೆ ಪಾಸ್‌ಪೋರ್ಟ್ ಇದೆಯಲ್ಲ, ಆ ಬಾಗಿಲು ಮುಚ್ಚಿತು.

ನೀವು ಪೌರತ್ವದ ಯೋಚನೆಗೆ ಬಿದ್ದಿದ್ದು ಮೆಡಿಕಲ್ ಸೀಟಿಗಾಗಿ ಅಂತ ನೀವು ಬರೆದಿದ್ದರ ಕೊನೆಯ ಸಾಲಿನಲ್ಲಿ ಗೊತ್ತಾಯಿತು. ನಮ್ಮ ಕಡೆಯವರಲ್ವಾ, ತೊಟ್ಟಿಲು ತೂಗುತ್ತಲೇ ನೀಟ್ ಲೆಕ್ಕ. ನಿಮ್ಮ ಭಯ ಸುಳ್ಳಲ್ಲ. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ಒಸಿಐ ಮಕ್ಕಳಿಗೆ ಎನ್‌ಆರ್‌ಐ ಸೀಟು, ಇಲ್ಲವೇ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟು ಮಾತ್ರ. ಅದಕ್ಕಿಂತ ಮುಂಚೆ ಒಸಿಐ ಆದವರಿಗೆ ಇದು ಅನ್ವಯಿಸದು ಅಂತ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಮಗ, ನಿಮ್ಮ ಮಗಳು ಇಬ್ಬರೂ ಆ ತಾರೀಖಿನ ಈಚೆಗಿನವರು. ಆದರೆ ಎರಡು ವರ್ಷದ ಮಗುವಿನ ಹದಿನೆಂಟನೇ ವರ್ಷದ ಸೀಟಿಗಾಗಿ ಈ ವರ್ಷದ ವೀಸಾ ಕೆಡಿಸಿಕೊಳ್ಳಬೇಡಿ. ಅವಳು ಡಾಕ್ಟರ್ ಆಗುತ್ತೀನಿ ಅಂತ ಹೇಳಿದ್ದಾಳಾ?

ತೋಟ ಗದ್ದೆ ಇದ್ದರೆ ಇದೊಂದು ತಿಳಿದಿರಲಿ. ಚನ್ನಗಿರಿ ಕಡೆಯ ಅಡಿಕೆ ತೋಟವನ್ನು ಮೊಮ್ಮಗನ ಹೆಸರಿಗೆ ದಾನಪತ್ರ ಮಾಡಿಸುತ್ತೇನೆ ಅಂತ ಅಪ್ಪಾಜಿ ಹೊರಟಿದ್ದರು. ಒಸಿಐನವರು ಕೃಷಿ ಜಮೀನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸುದಾರಿಕೆಯಲ್ಲಿ ಬಂದರೆ ಅಡ್ಡಿಯಿಲ್ಲ. ಇದನ್ನು ಹೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ನಾನೇ ಆ ಕಾನೂನು ಮಾಡಿದ ಹಾಗೆ.

ಹಾಗಾಗಿ ಅಲ್ಲಿಂದಲೇ ಒಸಿಐ ಮಾಡಿಸಿಕೊಂಡು ವಿಮಾನ ಹತ್ತಿ. ಟಿಕೆಟ್ ಮುಂದಕ್ಕೆ ಹಾಕಬೇಕಾದರೂ ಹಾಕಿ. ಅಷ್ಟು ಟೈಮ್ ಇಲ್ಲ ಅಂದರೆ ಭಾರತದ ಕಾನ್ಸುಲೇಟ್ ಮೂಲಕ ಎಂಟ್ರಿ ವೀಸಾ ತಗೊಳ್ಳಿ, ಅದರಲ್ಲಿ ಬಂದರೆ ಇಲ್ಲಿ ಒಸಿಐ ಕೇಳಬಹುದು. ಅವಳ ಅಮೆರಿಕದ ಪಾಸ್‌ಪೋರ್ಟಿಗೆ ಇನ್ನೂ ಎಷ್ಟು ದಿನ ಇದೆ ಅಂತಲೂ ನೋಡಿ. ಚಿಕ್ಕ ಮಕ್ಕಳದು ಐದೇ ವರ್ಷ. ಇಲ್ಲಿಗೆ ಬಂದಮೇಲೆ ಅದರ ನವೀಕರಣಕ್ಕೆ ಚೆನ್ನೈನ ಅಮೆರಿಕದ ಕಾನ್ಸುಲೇಟಿಗೆ ಮಗುವನ್ನೂ ಕರೆದುಕೊಂಡು ಹೋಗಬೇಕು.

ಒಸಿಐ ಅರ್ಜಿಯಲ್ಲಿ ಸಹಿಯ ಜಾಗಕ್ಕೆ ಮಗುವಿನ ಹೆಬ್ಬೆಟ್ಟಿನ ಗುರುತು ಕೇಳುತ್ತಾರೆ. ನಿದ್ದೆಯಲ್ಲಿದ್ದಾಗ ಒತ್ತಿಸಿಕೊಳ್ಳಿ. ಎಚ್ಚರ ಇದ್ದಾಗ ನಮ್ಮವನು ಮೂರು ಹಾಳೆ ಹಾಳು ಮಾಡಿ, ನಾಲ್ಕನೆಯದನ್ನು ನನ್ನ ಅಂಗಿಗೆ ಒತ್ತಿದ್ದ.